ಕಂಚಿನ ಕಾಸಿನ ಮೇಲಿನ ಸೆರೆಯಾಳು

ಗುಬ್ಬಚ್ಚಿಯ ಬೆಲೆ ಎಷ್ಟೆಂಬುದನ್ನು ಶುಭಸಂದೇಶಗಳು ನಮಗೆ ತಿಳಿಸುತ್ತವೆ. ಸಂತ ಮತ್ತಾಯರ ಪ್ರಕಾರ ಒಂದು ಕಾಸಿಗೆ ಎರಡು; ಸಂತ ಲೂಕರ ಪ್ರಕಾರ ಎರಡು ಕಾಸಿಗೆ ಐದು. ಹೆಚ್ಚು ಕೊಂಡವರಿಗೆ ಒಂದು ಪುಕ್ಕಟೆ ಎಂಬ ಸಂತೆಯ ಲೆಕ್ಕ ಅಂದೂ ಇತ್ತೆಂದು ತೋರುತ್ತದೆ. ಕನ್ನಡದಲ್ಲಿ ನಾವು 'ಕಾಸು' ಎಂದು ಓದಿಕೊಳ್ಳುವ ಈ ಕಡೆಗಳಲ್ಲಿ ಗ್ರೀಕ್ ಮೂಲದಲ್ಲಿರುವ ಪದ 'ಅಸ್ಸಾರಿಯೊನ್'. ರೋಮನರ 'ಆಸ್' ಎಂಬ ತಾಮ್ರದ ನಾಣ್ಯಕ್ಕೆ ಗ್ರೀಕರು ಇಟ್ಟುಕೊಂಡಿದ್ದ ಹೆಸರು ಅದು.

ದೇವಾಲಯದ ಕಾಣಿಕೆಪೆಟ್ಟಿಗೆಯ ಬಳಿ ಬಂದ ಬಡ ವಿಧವೆಯ ಪ್ರಸಂಗವನ್ನು ಬರೆಯುವಾಗ ಸಂತ ಮಾರ್ಕರು ಇನ್ನೂ ಚಿಕ್ಕ ನಾಣ್ಯಕ್ಕೆ ಇಳಿಯುತ್ತಾರೆ. ಆಕೆ ಹಾಕಿದ್ದು ಎರಡು 'ಲೆಪ್ತ'ಗಳನ್ನು. ತಮ್ಮ ಓದುಗರಿಗೆ ಆ ಹೆಸರು ಗೊತ್ತಾಗಲಿಕ್ಕಿಲ್ಲವೆಂದು ಭಾವಿಸಿ, ಎರಡು ಲೆಪ್ತ ಸೇರಿದರೆ ಒಂದು 'ಕ್ವಾದ್ರಾನ್ಸ್' ಆಗುತ್ತದೆ ಎಂದು ಅವರು ಬಿಡಿಸಿ ಹೇಳುತ್ತಾರೆ. ಕ್ವಾದ್ರಾನ್ಸ್ ರೋಮ್ ನಗರದ ಅತ್ಯಂತ ಕಡಿಮೆ ಬೆಲೆಯ ನಾಣ್ಯ. ಮಾರ್ಕರ ಶುಭಸಂದೇಶ ರೋಮ್‌ನಲ್ಲಿಯೇ ರಚಿತವಾಯಿತೆಂಬ ಪರಂಪರೆಗೆ ಈ ಒಂದು ಪದ ಪುಷ್ಟಿ ಕೊಡುತ್ತದೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಲೆಕ್ಕ ಹೀಗಿದೆ: ಒಂದು ಬೆಳ್ಳಿಯ ದೆನಾರಿಗೆ 16 ಆಸ್, ಒಂದು ಆಸ್‌ಗೆ 4 ಕ್ವಾದ್ರಾನ್ಸ್. ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿಯಲ್ಲಿ ಒಂದು ದಿನದ ಕೂಲಿ ಒಂದು ದೆನಾರಿ. ಅಂದರೆ ವಿಧವೆಯ ಕಾಣಿಕೆ ಒಂದು ದಿನದ ಕೂಲಿಯ 64ನೆಯ ಒಂದು ಪಾಲು.

ನಮ್ಮ ಪ್ರಬೋಧನೆಗಳಲ್ಲಿ ರೋಮನ್ ನಾಣ್ಯವೆಂದರೆ ಸಾಮಾನ್ಯವಾಗಿ ನೆನಪಾಗುವುದು ತೆರಿಗೆಯ ಪ್ರಶ್ನೆಯಲ್ಲಿ ಯೇಸುಸ್ವಾಮಿ ಕೇಳಿ ತರಿಸಿಕೊಂಡ ಆ ಬೆಳ್ಳಿಯ ದೆನಾರಿ. ಅದರ ಮೇಲೆ ಯಾರ ಮುದ್ರೆ, ಯಾರ ಹೆಸರು ಎಂಬ ಪ್ರಶ್ನೆಯನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ. ಆದರೆ ಅದೇ ಪ್ರಶ್ನೆಯನ್ನು ಬಡವರ ಕಾಸಿಗೆ ಕೇಳಿದವರು ಕಡಿಮೆ. ಬಂಗಾರ ಸಿರಿವಂತರ ತಿಜೋರಿಯಲ್ಲಿರುತ್ತಿತ್ತು. ಬೆಳ್ಳಿ ಸೈನಿಕನ ಸಂಬಳದಲ್ಲಿ, ಸರ್ಕಾರದ ತೆರಿಗೆಯಲ್ಲಿ ಓಡಾಡುತ್ತಿತ್ತು. ರೊಟ್ಟಿ, ಎಣ್ಣೆ, ಉಪ್ಪು, ತರಕಾರಿ ಎಲ್ಲವೂ ತಾಮ್ರದ ವ್ಯವಹಾರ. ರೋಮ್‌ನ ಸಾರ್ವಜನಿಕ ಸ್ನಾನಗೃಹಕ್ಕೆ ಪ್ರವೇಶ ಶುಲ್ಕ ಒಂದು ಕ್ವಾದ್ರಾನ್ಸ್. ಬಹುಪಾಲು ಜನರಿಗೆ ಓದು ಬರಹ ತಿಳಿಯದಿದ್ದ ಆ ಕಾಲದಲ್ಲಿ, ಚಕ್ರವರ್ತಿ ತನ್ನ ಪ್ರಜೆಗಳಿಗೆ ಏನಾದರೂ ಹೇಳಬೇಕೆಂದರೆ ಅದನ್ನು ಚಿತ್ರವಾಗಿ ಅವರ ಅಂಗೈಗೇ ತಲುಪಿಸಲು ಈ ಕಾಸಿಗಿಂತ ಸುಲಭದ ಮಾರ್ಗವಿರಲಿಲ್ಲ.

ಇವನ್ನು ನಾವು ಒಟ್ಟಾಗಿ ಕಂಚಿನ ನಾಣ್ಯಗಳೆಂದು ಕರೆಯುತ್ತೇವೆಯಾದರೂ ಲೋಹ ಒಂದೇ ಆಗಿರಲಿಲ್ಲ. ಅಗಸ್ಟಸ್ ಚಕ್ರವರ್ತಿಯ ಸುಧಾರಣೆಯ ನಂತರ 'ಸೆಸ್ತೆರ್ತಿಯುಸ್' ಎಂಬ ದೊಡ್ಡ ನಾಣ್ಯವನ್ನು ಹಿತ್ತಾಳೆಯಿಂದಲೂ, ಆಸ್ ಮತ್ತು ಕ್ವಾದ್ರಾನ್ಸ್‌ಗಳನ್ನು ತಾಮ್ರದಿಂದಲೂ ಅಚ್ಚು ಹಾಕುತ್ತಿದ್ದರು. ಸೆಸ್ತೆರ್ತಿಯುಸ್ ಸುಮಾರು 25 ಗ್ರಾಂ ತೂಗುತ್ತಿತ್ತು. ಅಗಲದಲ್ಲಿ ಮೂರು ಸೆಂಟಿಮೀಟರಿಗೂ ಮಿಗಿಲು. ಅಷ್ಟು ವಿಶಾಲವಾದ ಬಿಲ್ಲೆಯ ಮೇಲೆ ಕುಶಲ ಕೆತ್ತನೆಗಾರ ಒಂದು ಇಡೀ ದೃಶ್ಯವನ್ನೇ ಬಿಡಿಸಬಲ್ಲವನಾಗಿದ್ದ. ಅದಕ್ಕೂ ಹಿಂದೆ, ಗಣರಾಜ್ಯದ ಕಾಲದ ಆಸ್ ನಾಣ್ಯದಲ್ಲಿ ಒಂದು ಕಡೆ ಎರಡು ಮುಖದ ಜಾನುಸ್ ದೇವತೆ, ಇನ್ನೊಂದು ಕಡೆ ಹಡಗಿನ ಮುಂಭಾಗ ಇರುತ್ತಿತ್ತು. ರೋಮ್‌ನ ಹುಡುಗರು ಆ ಕಾಸನ್ನು ಮೇಲಕ್ಕೆ ಚಿಮ್ಮಿ 'ತಲೆಯೋ ಹಡಗೋ' ಎಂದು ಕೂಗಿ ಆಡುತ್ತಿದ್ದರಂತೆ. ಹಡಗಿನ ಚಿತ್ರ ನಾಣ್ಯದಿಂದ ಮರೆಯಾಗಿ ಎಷ್ಟೋ ಕಾಲವಾದ ಮೇಲೂ ಆಟದ ಮಾತು ಮಾತ್ರ ಉಳಿದುಕೊಂಡಿತ್ತೆಂದು ಮಕ್ರೋಬಿಯಸ್ ಎಂಬ ಲೇಖಕ ದಾಖಲಿಸಿದ್ದಾನೆ.

ಈ ನಾಣ್ಯಗಳೆಲ್ಲ ಬರಿಯ ಆತ್ಮಸ್ತುತಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕ್ರಿ.ಶ. 17ರಲ್ಲಿ ಏಷ್ಯ ಪ್ರಾಂತ್ಯದಲ್ಲಿ ಒಂದೇ ರಾತ್ರಿಯ ಭೂಕಂಪಕ್ಕೆ ಹನ್ನೆರಡು ನಗರಗಳು ನೆಲಕಚ್ಚಿದವು. ತಿಬೇರಿಯಸ್ ಚಕ್ರವರ್ತಿ ಅವುಗಳ ತೆರಿಗೆಯನ್ನು ಐದು ವರ್ಷಗಳ ಕಾಲ ಬಿಟ್ಟುಕೊಟ್ಟು ಧನಸಹಾಯವನ್ನೂ ನೀಡಿದ. ಏಷ್ಯದ ನಗರಗಳನ್ನು ಮರಳಿ ಕಟ್ಟಿಕೊಡಲಾಯಿತು ಎಂಬ ಬರಹವುಳ್ಳ ಹಿತ್ತಾಳೆಯ ಸೆಸ್ತೆರ್ತಿಯುಸ್ 22-23ರ ಹೊತ್ತಿಗೆ ರೋಮ್‌ನ ಟಂಕಸಾಲೆಯಿಂದ ಹೊರಬಂತು. ಆ ಹನ್ನೆರಡರಲ್ಲಿ ಸಾರ್ದಿಸ್ ಮತ್ತು ಫಿಲದೆಲ್ಫಿಯ ಎರಡೂ ಇದ್ದವು. ಪ್ರಕಟನಾ ಗ್ರಂಥದ ಏಳು ಸಭೆಗಳಲ್ಲಿ ಎರಡಕ್ಕೆ ನೆಲೆಯಾದ ಊರುಗಳು ಅವೇ. ಹೇಡ್ರಿಯನ್ ಚಕ್ರವರ್ತಿ 118ರಲ್ಲಿ ಸರ್ಕಾರಕ್ಕೆ ಬರಬೇಕಿದ್ದ 90 ಕೋಟಿ ಸೆಸ್ತೆರ್ತಿಯುಸ್‌ಗಳ ಹಳೆಯ ಬಾಕಿಯನ್ನು ಮನ್ನಾ ಮಾಡಿ, ಸಾಲದ ಪತ್ರಗಳನ್ನು ಬಹಿರಂಗವಾಗಿ ಸುಡಿಸಿದ. ಪತ್ರಗಳ ರಾಶಿಗೆ ರಾಜಭಟನೊಬ್ಬ ಪಂಜು ಹಿಡಿಯುತ್ತಿರುವ ಆ ನಾಣ್ಯವನ್ನು ನೋಡಿದರೆ, ಸಾಲ ಮನ್ನಾದ ಘೋಷಣೆಗೆ ಚಿತ್ರ ಅಂಟಿಸಿ ಪ್ರಚಾರ ಮಾಡುವ ಪದ್ಧತಿ ಎಷ್ಟು ಹಳೆಯದೆಂದು ನಗು ಬರುತ್ತದೆ. ಆದರೂ ಬಾಕಿ ಇದ್ದವನಿಗೆ ಸಿಕ್ಕ ನೆಮ್ಮದಿ ನಿಜವೇ ಆಗಿತ್ತಲ್ಲವೇ?

ನೀರೋನ ನಾಣ್ಯದ ಮಾತು ಬೇರೆ. ರೋಮ್‌ನಲ್ಲಿ ಜಾನುಸ್ ದೇವತೆಯ ಒಂದು ಚಿಕ್ಕ ಗುಡಿಯಿತ್ತು. ಸಾಮ್ರಾಜ್ಯ ಯುದ್ಧದಲ್ಲಿರುವಾಗ ಅದರ ಬಾಗಿಲು ತೆರೆದಿರಬೇಕು, ಎಲ್ಲೆಡೆ ಶಾಂತಿ ನೆಲಸಿದಾಗ ಮುಚ್ಚಬೇಕು ಎಂಬುದು ಸಂಪ್ರದಾಯ. ನೆಲದ ಮೇಲೂ ಕಡಲ ಮೇಲೂ ರೋಮನ್ ಜನತೆಗೆ ಶಾಂತಿಯನ್ನು ಗಳಿಸಿಕೊಟ್ಟು ಜಾನುಸನ ಬಾಗಿಲು ಮುಚ್ಚಿದನೆಂದು ನೀರೋ ತನ್ನ ನಾಣ್ಯಗಳಲ್ಲಿ ಸಾರಿದ. ಮುಚ್ಚಿದ ಜೋಡಿ ಬಾಗಿಲು, ಮೇಲೆ ತೂಗುವ ಹೂಮಾಲೆ, ಅಚ್ಚುಕಟ್ಟಾದ ಕಲ್ಲಿನ ಗೋಡೆ: ನೋಡಲು ಬಲು ಸುಂದರವಾದ ನಾಣ್ಯ. ಅದು ಹೊರಬಿದ್ದದ್ದು 65ರ ಸುಮಾರಿನಿಂದ. ರೋಮ್ ಹೊತ್ತಿ ಉರಿದದ್ದು 64ರ ಜುಲೈಯಲ್ಲಿ. ಆ ಅಪವಾದವನ್ನು ಹೊರಿಸಿ ಕ್ರೈಸ್ತರನ್ನು ಹಿಂಸಿಸಿ ಕೊಂದದ್ದು ಅದರ ಬೆನ್ನಿಗೆ. ಸಂತ ಪೇತ್ರರೂ ಸಂತ ಪೌಲರೂ ರಕ್ತಸಾಕ್ಷಿಗಳಾದದ್ದು ಈ ನೀರೋನ ಆಳ್ವಿಕೆಯಲ್ಲೆಂದು ಪರಂಪರೆ ಹೇಳುತ್ತದೆ. ಶಾಂತಿಯ ಬಾಗಿಲಿನ ಕಾಸನ್ನು ಕೊಟ್ಟು ರೊಟ್ಟಿ ಕೊಂಡ ರೋಮ್‌ನ ಕ್ರೈಸ್ತ ಕುಟುಂಬಗಳು ಆ ಚಿತ್ರವನ್ನು ಹೇಗೆ ನೋಡಿದವೋ ನಾವು ಊಹಿಸಿಕೊಳ್ಳಬಹುದು.

ಇನ್ನು ಯೇಸುಸ್ವಾಮಿಯ ನಾಡಾದ ಜುದೇಯಕ್ಕೆ ಬರೋಣ. ಅಲ್ಲಿ ಜನ ಬಳಸುತ್ತಿದ್ದ ಚಿಲ್ಲರೆ ರೋಮ್‌ನಿಂದ ಬಂದದ್ದಲ್ಲ, ಸ್ಥಳೀಯವಾಗಿ ಅಚ್ಚಾದದ್ದು. ಮನುಷ್ಯರ ರೂಪವನ್ನು ಕೆತ್ತುವುದು ದೈವಾಜ್ಞೆಗೆ ವಿರುದ್ಧವೆಂದು ಯೆಹೂದ್ಯರು ನಂಬಿದ್ದರಿಂದ ಅವರ ಅರಸರ ಕಾಸುಗಳಲ್ಲಿ ಲಂಗರು, ನಕ್ಷತ್ರ, ಸಮೃದ್ಧಿಯ ಕೊಂಬು ಮುಂತಾದವಷ್ಟೇ ಕಾಣಸಿಗುತ್ತವೆ. ಕ್ರಿ.ಪೂ. 103ರಿಂದ 76ರವರೆಗೆ ಆಳಿದ ಅಲೆಕ್ಸಾಂಡರ್ ಜನ್ನೇಯುಸ್‌ನ ಲಂಗರು-ನಕ್ಷತ್ರದ ಕಾಸುಗಳನ್ನೇ 'ವಿಧವೆಯ ಕಾಸು' ಎಂದು ಇಂದು ಪುಣ್ಯನಾಡಿನ ಯಾತ್ರಿಕರಿಗೆ ತೋರಿಸುತ್ತಾರೆ. ರೋಮನ್ ಅಧಿಪತಿಗಳು ಬಂದ ಮೇಲೂ ಈ ಸೂಕ್ಷ್ಮವನ್ನು ಬಹುಮಟ್ಟಿಗೆ ಗೌರವಿಸಿ ಜವೆಗೋಧಿಯ ತೆನೆ, ಖರ್ಜೂರದ ಮರ, ದ್ರಾಕ್ಷಿ ಎಲೆಗಳನ್ನು ಅಚ್ಚು ಹಾಕಿಸಿದರು. ಪೊಂತಿಯುಸ್ ಪಿಲಾತ ಮಾತ್ರ ಬೇರೆ ದಾರಿ ಹಿಡಿದ. 29ರಿಂದ 31ರ ನಡುವೆ ಅವನು ಹೊರಡಿಸಿದ ಚಿಕ್ಕ ಕಂಚಿನ ಕಾಸುಗಳಲ್ಲಿ ರೋಮನ್ ಪೂಜೆಯ ಉಪಕರಣಗಳಿವೆ: ಒಂದರಲ್ಲಿ ದ್ರಾಕ್ಷಾರಸವನ್ನು ನೈವೇದ್ಯವಾಗಿ ಸುರಿಯುವ ಸೌಟು, ಇನ್ನೊಂದರಲ್ಲಿ ಶಕುನ ನೋಡುವ ಪೂಜಾರಿಯ ತುದಿ ಬಾಗಿದ ಕೋಲು. ಆ ಕೋಲು ನೋಡಲು ನಮ್ಮ ಧರ್ಮಾಧ್ಯಕ್ಷರ ದಂಡದಂತೆಯೇ ಇದೆ. ಆದರೆ ಅಂದಿನ ಯೆಹೂದ್ಯನಿಗೆ ಅದು ಅನ್ಯದೇವತೆಗಳ ಪೂಜೆಯ ಗುರುತು. ಯೇಸುಸ್ವಾಮಿಯನ್ನು ಕೈಕಟ್ಟಿ ಪಿಲಾತನ ಮುಂದೆ ತಂದು ನಿಲ್ಲಿಸಿದ ಆ ಪಾಸ್ಕದ ದಿನಗಳಲ್ಲಿ ಜೆರುಸಲೇಮಿನ ಸಂತೆಯಲ್ಲಿ ಓಡಾಡುತ್ತಿದ್ದ ಕಾಸುಗಳಲ್ಲಿ ಇವೂ ಇದ್ದವು.

ಕೈಕಟ್ಟಿದ ಸೆರೆಯಾಳು ಎಂಬುದನ್ನು ಓದುಗರು ದಯಮಾಡಿ ನೆನಪಿನಲ್ಲಿಡಬೇಕು. ಏಕೆಂದರೆ ರೋಮನ್ ಕಂಚಿನ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಮನುಷ್ಯ ಅವನೇ.

70ರಲ್ಲಿ ತೀತುಸ್‌ನ ಸೈನ್ಯ ಜೆರುಸಲೇಮನ್ನು ಹಿಡಿದು ದೇವಾಲಯವನ್ನು ಸುಟ್ಟು ಕೆಡವಿತು. ಮರುವರ್ಷವೇ ತಂದೆ ವೆಸ್ಪಾಸಿಯನ್ ಚಕ್ರವರ್ತಿ ಹೊರಡಿಸಿದ ದೊಡ್ಡ ಸೆಸ್ತೆರ್ತಿಯುಸ್‌ಗಳ ಮೇಲೆ 'ಯುದೇಯ ಕಾಪ್ತ', ಅಂದರೆ 'ಜುದೇಯ ಸೆರೆಯಾಯಿತು' ಎಂಬ ಬರಹ ಕಾಣಿಸಿತು. ನಡುವೆ ಫಲ ಹೊತ್ತ ಖರ್ಜೂರದ ಮರ. ಅದರ ಒಂದು ಪಕ್ಕದಲ್ಲಿ ತಲೆಗೆ ಕೈಹಚ್ಚಿ ನೆಲದ ಮೇಲೆ ಕುಳಿತು ಅಳುವ ಹೆಂಗಸು. ಇನ್ನೊಂದು ಪಕ್ಕದಲ್ಲಿ ಕೈಗಳನ್ನು ಹಿಂದಕ್ಕೆ ಬಿಗಿಸಿಕೊಂಡು ನಿಂತ ಗಂಡಸು. ಕೆಲವು ನಾಣ್ಯಗಳಲ್ಲಿ ಆ ಗಂಡಸಿನ ಜಾಗದಲ್ಲಿ ಈಟಿ ಹಿಡಿದ ಚಕ್ರವರ್ತಿ ತಾನೇ ನಿಂತಿದ್ದಾನೆ. ತೀತುಸ್ ಪಟ್ಟಕ್ಕೆ ಬಂದ ಮೇಲೆ ಇದೇ ವಿಷಯದ ಕಂಚಿನ ಕಾಸುಗಳನ್ನು ಪಾಲೆಸ್ತೀನದ ಸೆಸರೇಯದಲ್ಲಿ ಗ್ರೀಕ್ ಬರಹದೊಂದಿಗೆ ಅಚ್ಚು ಹಾಕಿಸಲಾಯಿತು. ಸೋತವರು ದಿನನಿತ್ಯ ತಮ್ಮ ಸೋಲಿನ ಚಿತ್ರವನ್ನು ಕೈಯಲ್ಲಿ ಹಿಡಿದೇ ಹಿಟ್ಟು ಎಣ್ಣೆ ಕೊಳ್ಳಬೇಕಾಯಿತು. ಇದಕ್ಕಿಂತ ಕ್ರೂರವಾದ ಮುದ್ರಣವನ್ನು ನಾನು ಬೇರೆ ಕಂಡಿಲ್ಲ. ದೇವಾಲಯಕ್ಕೆ ಸಲ್ಲುತ್ತಿದ್ದ ವಾರ್ಷಿಕ ಕಾಣಿಕೆಯನ್ನೂ ರೋಮ್‌ನ ಜುಪಿಟರ್ ಗುಡಿಯ ಹೆಸರಿಗೆ ತಿರುಗಿಸಿ ತೆರಿಗೆಯನ್ನಾಗಿ ಮಾಡಿದರು. ಆ ತೆರಿಗೆಯ ವಸೂಲಿಯಲ್ಲಿ ನಡೆಯುತ್ತಿದ್ದ ಸುಳ್ಳು ದೂರು, ಅವಮಾನಗಳನ್ನು ನೆರ್ವ ಚಕ್ರವರ್ತಿ 96ರಲ್ಲಿ ತೆಗೆದುಹಾಕಿದಾಗ ಮತ್ತೆ ಖರ್ಜೂರದ ಮರವೇ ನಾಣ್ಯದ ಮೇಲೆ ಬಂತು. ಈ ಸಾರಿ ಮರದ ಕೆಳಗೆ ಯಾರೂ ಕಟ್ಟಿಹಾಕಿಸಿಕೊಂಡಿರಲಿಲ್ಲ.

ಮುಂದೆ 132ರಿಂದ 135ರವರೆಗೆ ಬಾರ್ ಕೊಖ್ಬನ ನಾಯಕತ್ವದಲ್ಲಿ ಯೆಹೂದ್ಯರು ಕಡೆಯ ಬಾರಿ ದಂಗೆ ಎದ್ದಾಗ ಅವರು ಹೊಸ ಲೋಹವನ್ನು ಹುಡುಕಲಿಲ್ಲ. ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ತೆಗೆದುಕೊಂಡು, ಎಷ್ಟೋ ಕಂಚಿನ ಬಿಲ್ಲೆಗಳ ಮೇಲಿನ ಚಕ್ರವರ್ತಿಯ ಮುಖವನ್ನು ಅರದಿಂದ ಉಜ್ಜಿ, ಅದರ ಮೇಲೆ ಏಳು ಗರಿಗಳ ಖರ್ಜೂರವನ್ನು ಒತ್ತಿದರು. ಇಂದಿಗೂ ಕೆಲವು ನಾಣ್ಯಗಳಲ್ಲಿ ಮರದ ಅಡಿಯಲ್ಲಿ ಹಳೆಯ ಮುಖದ ಗೆರೆ, ಅಕ್ಷರದ ಚೂರು ಇಣುಕುತ್ತವೆ. ದಂಗೆ ರಕ್ತದಲ್ಲಿ ಕೊನೆಗೊಂಡಿತು.

ಜುದೇಯಕ್ಕೆ ಮಾಡಿದ್ದನ್ನು ರೋಮ್ ಉಳಿದವರಿಗೂ ಮಾಡಿತು. ದಾಚಿಯ, ಜರ್ಮನಿ, ಪಾರ್ಥಿಯ, ಸರ್ಮಾಟಿಯ ಹೀಗೆ ಗೆದ್ದ ನಾಡುಗಳೆಲ್ಲ ಸರದಿಯಂತೆ ನಾಣ್ಯದ ಮೇಲೆ ಕುಳಿತು ಅತ್ತವು. ಈ ಚಿತ್ರಗಳಲ್ಲಿ ಸಾಮಾನ್ಯವಾಗಿ ನಡುವೆ ಇರುತ್ತಿದ್ದುದು ವಿಜಯಸ್ತಂಭ. ಯುದ್ಧಭೂಮಿಯಲ್ಲಿ ಒಂದು ಮರದ ಕಂಬವನ್ನು ನೆಟ್ಟು, ಅಡ್ಡ ತೊಲೆ ಕಟ್ಟಿ, ಸೋತವನ ಕವಚವನ್ನು ಅದಕ್ಕೆ ತೊಡಿಸಿ, ಶಿರಸ್ತ್ರಾಣವನ್ನು ತುದಿಗೇರಿಸಿ, ಗುರಾಣಿಗಳನ್ನು ಎರಡು ಕಡೆ ತೂಗುಹಾಕುತ್ತಿದ್ದರು. ಅದರ ಬುಡದಲ್ಲಿ ಸೆರೆಯಾಳುಗಳು. ಆ ಕಂಬದ ಆಕಾರ ಶಿಲುಬೆಯದೇ ಎಂಬುದನ್ನು ಮೊದಲ ಕ್ರೈಸ್ತ ಲೇಖಕರು ಗಮನಿಸಿದ್ದರು. ಎರಡನೆಯ ಶತಮಾನದಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನ್, ಅವರ ಬಳಿಕ ತೆರ್ತುಲಿಯನ್ ಮತ್ತು ಮಿನುಸಿಯುಸ್ ಫೆಲಿಕ್ಸ್ ಇದನ್ನೇ ಎತ್ತಿ ತೋರಿಸಿ, ನೀವು ಹೀಯಾಳಿಸುವ ಶಿಲುಬೆಯ ರೂಪವನ್ನು ನಿಮ್ಮ ಸೈನ್ಯವೇ ಹೊತ್ತು ಮೆರೆಸುತ್ತಿದೆಯಲ್ಲ ಎಂಬ ಅರ್ಥದ ಮಾತನ್ನು ರೋಮನರಿಗೆ ಹೇಳಿದರು. ಅವರ ವಾದ ಚಮತ್ಕಾರದ್ದು. ಆದರೆ ಆ ಕಂಬದ ಬುಡದಲ್ಲಿ ಕುಳಿತವರ ಬಗ್ಗೆ ಅವರು ಅಲ್ಲಿ ಮಾತಾಡಲಿಲ್ಲ. ನಮ್ಮ ಪ್ರಭು ಆ ಕಂಬದ ಯಾವ ಭಾಗಕ್ಕೆ ಸೇರಿದವರು? ಗೆದ್ದವನ ಕವಚಕ್ಕೋ, ಬುಡದ ಸೆರೆಯಾಳಿಗೋ? ಈ ಪ್ರಶ್ನೆ ಎರಡು ಶತಮಾನಗಳ ನಂತರ ನಿಜವಾದ ಪ್ರಶ್ನೆಯಾಗಿ ಎದುರಾಯಿತು.

ಮೂರನೆಯ ಶತಮಾನದ ಗೊಂದಲದಲ್ಲಿ ಚಕ್ರವರ್ತಿಗಳು ಬೇಗಬೇಗ ಬದಲಾದರು, ಬೆಳ್ಳಿಯ ನಾಣ್ಯ ಬರಿಯ ಬೆಳ್ಳಿಯ ಲೇಪವಾಯಿತು. 294ರ ಸುಮಾರಿಗೆ ದಿಯೋಕ್ಲೇಷಿಯನ್ ಎಲ್ಲವನ್ನೂ ಸರಿಪಡಿಸಲು ಹೊರಟು, ಸಾಮ್ರಾಜ್ಯದ ಟಂಕಸಾಲೆಗಳಲ್ಲೆಲ್ಲ ಒಂದೇ ಬಗೆಯ ಹೊಸ ದೊಡ್ಡ ಕಂಚಿನ ನಾಣ್ಯವನ್ನು ಹೊರಡಿಸಿದ. ಅದರ ಹಿಂಬದಿಯ ಬರಹ 'ಗೆನಿಯೊ ಪೋಪುಲಿ ರೋಮಾನಿ': ರೋಮನ್ ಜನತೆಯ ರಕ್ಷಕದೇವತೆಗೆ. ಆ ದೇವತೆ ಒಂದು ಕೈಯಲ್ಲಿ ಸಮೃದ್ಧಿಯ ಕೊಂಬು ಹಿಡಿದು, ಇನ್ನೊಂದು ಕೈಯ ತಟ್ಟೆಯನ್ನು ನೈವೇದ್ಯ ಸುರಿಯುವಂತೆ ಮುಂದೆ ಚಾಚಿದೆ. 303ರ ಫೆಬ್ರುವರಿಯಲ್ಲಿ ಅದೇ ದಿಯೋಕ್ಲೇಷಿಯನ್ ಕ್ರೈಸ್ತರ ವಿರುದ್ಧ ಆಜ್ಞೆ ಹೊರಡಿಸಿದ; 304ರಲ್ಲಿ ಎಲ್ಲರೂ ದೇವತೆಗಳಿಗೆ ಬಲಿ-ನೈವೇದ್ಯ ಅರ್ಪಿಸಲೇಬೇಕೆಂದು ವಿಧಿಸಲಾಯಿತು. ನಿರಾಕರಿಸಿದವರಿಗೆ ಸೆರೆಮನೆ, ಗಣಿ, ಮರಣ. ನಮ್ಮ ಪೂರ್ವಜರು ಯಾವ ಒಂದು ಕ್ರಿಯೆಯನ್ನು ಮಾಡಲಾರೆವೆಂದು ಪ್ರಾಣ ಕೊಟ್ಟರೋ ಆ ಕ್ರಿಯೆಯ ಚಿತ್ರ ಅವರ ಜೇಬಿನ ಪ್ರತಿಯೊಂದು ದೊಡ್ಡ ಕಾಸಿನ ಮೇಲೂ ಇತ್ತು. ಆ ಕಾಸನ್ನು ಬಳಸುವುದು ಪಾಪವೆಂದು ಅವರು ಎಣಿಸಲಿಲ್ಲ. ಚಿತ್ರವನ್ನು ಕೈಯಲ್ಲಿ ಹಿಡಿಯುವುದಕ್ಕೂ ಚಿತ್ರದಂತೆ ನಡೆಯುವುದಕ್ಕೂ ಇರುವ ಅಂತರ ಅವರಿಗೆ ಸ್ಪಷ್ಟವಿತ್ತು.

ಇನ್ನು ಕಾನ್‌ಸ್ಟಂಟೈನ್. 312ರ ಅಕ್ಟೋಬರ್ 28ರಂದು ಮಿಲ್ವಿಯನ್ ಸೇತುವೆಯ ಬಳಿ ಗೆದ್ದ ಮರುದಿನವೇ ನಾಣ್ಯಗಳ ಮೇಲೆಲ್ಲ ಶಿಲುಬೆ ಮೂಡಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಾಗಲಿಲ್ಲ. ವಿಜಯದ ನಂತರವೂ ಐದಾರು ವರ್ಷಗಳ ಕಾಲ ಅವನ ಕಂಚಿನ ನಾಣ್ಯಗಳ ಮೇಲೆ ಅತಿ ಹೆಚ್ಚಾಗಿ ಕಾಣುವುದು 'ಅಜೇಯ ಸೂರ್ಯ', ಚಕ್ರವರ್ತಿಯ ಸಂಗಾತಿ ಎಂಬ ಬಿರುದಿನೊಂದಿಗೆ, ತಲೆಯ ಸುತ್ತ ಕಿರಣಗಳನ್ನು ಹೊತ್ತು, ಕೈಯಲ್ಲಿ ಭೂಗೋಲ ಹಿಡಿದು. ಕ್ರಿಸ್ತನ ಹೆಸರಿನ ಗ್ರೀಕ್ ಮೊದಲಕ್ಷರಗಳಾದ ಖಿ ಮತ್ತು ರೋ ಹೆಣೆದುಕೊಂಡ ಲಾಂಛನ 315ರ ಒಂದು ಬೆಳ್ಳಿಯ ಪದಕದಲ್ಲಿ ಅವನ ಶಿರಸ್ತ್ರಾಣದ ಮೇಲೆ ಪುಟ್ಟದಾಗಿ ಇದೆ. ಅದು ಬಡವರ ಕೈಗೆ ಬರುವ ವಸ್ತುವಲ್ಲ. ಕಂಚಿನಲ್ಲಿ ಆ ಲಾಂಛನವನ್ನು ಎದ್ದು ಕಾಣುವಂತೆ ತೋರಿಸಿದ್ದು 327ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಬಂದ 'ಸಾರ್ವಜನಿಕ ಭರವಸೆ' ಎಂಬ ಬರಹದ ನಾಣ್ಯ. ಧ್ವಜದ ತುದಿಯಲ್ಲಿ ಖಿ-ರೋ. ಧ್ವಜದ ಬುಡ ಒಂದು ಹಾವನ್ನು ಚುಚ್ಚಿದೆ. ಇದು ತುಂಬಾ ಅಪರೂಪದ ನಾಣ್ಯ. ಅದೇ ಕಾನ್‌ಸ್ಟಂಟೈನ್‌ನ ಸಾಮಾನ್ಯ ಕಾಸುಗಳಲ್ಲಿ ಸೈನ್ಯದ ಧ್ವಜದ ಎರಡು ಪಕ್ಕದಲ್ಲಿ ಕುಳಿತ ಸೆರೆಯಾಳುಗಳೂ, 'ಸರ್ಮಾಟಿಯ ಸೋತಿತು' ಎಂಬ ಬರಹದ ಜೊತೆ ಸೆರೆಯಾಳನ್ನು ತುಳಿಯುವ ವಿಜಯದೇವತೆಯೂ ಹಿಂದಿನಂತೆಯೇ ಮುಂದುವರಿದರು.

ಅವನು 337ರಲ್ಲಿ ಜ್ಞಾನಸ್ನಾನ ಪಡೆದು ತೀರಿಕೊಂಡ ಮೇಲೆ ಮಕ್ಕಳು ಹೊರಡಿಸಿದ ಸ್ಮಾರಕ ಕಾಸು ಒಂದು ವಿಚಿತ್ರ ಬೆರಕೆ. ಮುಸುಕು ಹೊದ್ದ ಚಕ್ರವರ್ತಿ ನಾಲ್ಕು ಕುದುರೆಗಳ ರಥದಲ್ಲಿ ಮೇಲೇರುತ್ತಾನೆ; ಆಕಾಶದಿಂದ ಒಂದು ಕೈ ಅವನನ್ನು ಬರಮಾಡಿಕೊಳ್ಳಲು ಚಾಚಿದೆ. ಕ್ರೈಸ್ತನಾದವನು ಅದರಲ್ಲಿ ಪ್ರವಾದಿ ಎಲೀಯನನ್ನು ಕಾಣಬಹುದಿತ್ತು, ಹಳೆಯ ಮತದವನು ದೇವರಾದ ಚಕ್ರವರ್ತಿಯನ್ನು ಕಾಣಬಹುದಿತ್ತು. ಬರಹದಲ್ಲಂತೂ ಅವನನ್ನು 'ದಿವ್ಯ' ಎಂಬ ಹಳೆಯ ಬಿರುದಿನಿಂದಲೇ ಕರೆಯಲಾಗಿದೆ. ಧರ್ಮಸಭೆಯ ಇತಿಹಾಸಕಾರ ಯುಸೇಬಿಯುಸ್ ಈ ನಾಣ್ಯವನ್ನು ವರ್ಣಿಸಿದ್ದಾನೆ, ಮೆಚ್ಚುಗೆಯಿಂದಲೇ.

ಆಗ ನಿಜವಾದ ಬದಲಾವಣೆ ಬಂತು. 348ರಲ್ಲಿ ಕಾನ್‌ಸ್ಟಂಟೈನ್‌ನ ಮಕ್ಕಳಾದ ಕಾನ್‌ಸ್ಟಾನ್ಸ್ ಮತ್ತು ಕಾನ್‌ಸ್ಟಾಂಟಿಯುಸ್ 'ಸುಖದ ದಿನಗಳು ಮರಳಿದವು' ಎಂಬ ಘೋಷಣೆಯ ಹೊಸ ಕಂಚಿನ ನಾಣ್ಯಗಳನ್ನು ತಂದರು. ಅವುಗಳಲ್ಲಿ ಅತ್ಯಂತ ಸಾಮಾನ್ಯವಾದುದು, ಕುದುರೆಯಿಂದ ಉರುಳುತ್ತಿರುವ ಶತ್ರುವನ್ನು ರೋಮನ್ ಸೈನಿಕ ಈಟಿಯಿಂದ ತಿವಿಯುವ ದೃಶ್ಯ. ಶತ್ರು ಕೈಯೆತ್ತಿ ಬೇಡುತ್ತಿದ್ದಾನೆ. ಸುಖದ ದಿನಗಳಿಗೆ ಅದೇ ಚಿತ್ರ! ಇನ್ನೊಂದು ಬಗೆಯಲ್ಲಿ ಚಕ್ರವರ್ತಿ ಖಿ-ರೋ ಲಾಂಛನದ ಧ್ವಜವನ್ನು ಹಿಡಿದು ನಿಂತಿದ್ದಾನೆ. ಅವನ ಮುಂದೆ ಕೈಕಟ್ಟಿಸಿಕೊಂಡ ಇಬ್ಬರು ಸೆರೆಯಾಳುಗಳು. ನೋಡಿದಿರಾ, ಹಳೆಯ ಚಿತ್ರದ ಎಲ್ಲವೂ ಹಾಗೆಯೇ ಇದೆ. ಖರ್ಜೂರದ ಮರವೋ ವಿಜಯಸ್ತಂಭವೋ ಇದ್ದ ಜಾಗದಲ್ಲಿ ಈಗ ಕ್ರಿಸ್ತನ ಹೆಸರು ನಿಂತಿದೆ, ಅಷ್ಟೇ. ಪಿಲಾತನ ಮುಂದೆ ಕಟ್ಟಿಹಾಕಿಸಿಕೊಂಡು ನಿಂತವರ ಹೆಸರು ಈಗ ಕಟ್ಟಿಹಾಕಿದವನ ಕೈಯ ಧ್ವಜದ ಮೇಲಿದೆ.

ಎರಡೇ ವರ್ಷಗಳಲ್ಲಿ, 350ರಲ್ಲಿ, ಮಾಗ್ನೆಂಟಿಯುಸ್ ಎಂಬ ಸೇನಾನಿ ದಂಗೆಯೆದ್ದು ಕಾನ್‌ಸ್ಟಾನ್ಸ್‌ನನ್ನು ಕೊಲ್ಲಿಸಿ ಪಶ್ಚಿಮದ ಪಟ್ಟವೇರಿದ. ಅದೇ ವರ್ಷ ಡ್ಯಾನ್ಯೂಬ್ ಪ್ರಾಂತ್ಯದಲ್ಲಿ ವೆತ್ರಾನಿಯೊ ಎಂಬ ಇನ್ನೊಬ್ಬ ಸೇನಾನಿಯನ್ನು ಸೈನಿಕರು ಎತ್ತಿಕಟ್ಟಿದರು. 'ಈ ಚಿಹ್ನೆಯಿಂದ ನೀನು ಗೆಲ್ಲುವೆ' ಎಂಬರ್ಥದ ಲತೀನ್ ಬರಹ ಮೊದಲು ಕಾಣಿಸಿಕೊಂಡದ್ದು ಈ ವೆತ್ರಾನಿಯೊನ ಟಂಕಸಾಲೆಯ ನಾಣ್ಯಗಳಲ್ಲಿ, ಕಾನ್‌ಸ್ಟಂಟೈನ್‌ನ ನಾಣ್ಯಗಳಲ್ಲಲ್ಲ. ಮಾಗ್ನೆಂಟಿಯುಸ್ ಕಾನ್‌ಸ್ಟಾಂಟಿಯುಸ್‌ನ ಜೊತೆ 351ರಲ್ಲಿ ಮುರ್ಸದ ಬಳಿ ಹೋರಾಡಿ ಸೋತ. ಎರಡೂ ಪಕ್ಷದ ನಾಯಕರು ಕ್ರಿಸ್ತನ ಚಿಹ್ನೆಯನ್ನು ನಾಣ್ಯಗಳಲ್ಲಿ ಮೆರೆಸುತ್ತಿದ್ದವರು. ಎರಡೂ ಪಕ್ಷದಲ್ಲಿ ಸತ್ತವರು ಅಪಾರ. ಸೋತು ಗಾಲ್ ಪ್ರಾಂತ್ಯಕ್ಕೆ ಹಿಂದೆ ಸರಿದ ಮಾಗ್ನೆಂಟಿಯುಸ್ ಒಂದು ಹೊಸ ಕಂಚಿನ ನಾಣ್ಯವನ್ನು ಹೊರಡಿಸಿದ. ಅದರ ಹಿಂಬದಿಯನ್ನು ಪೂರ್ತಿಯಾಗಿ ಆವರಿಸಿಕೊಂಡಿರುವುದು ದೊಡ್ಡ ಖಿ-ರೋ ಲಾಂಛನ, ಎರಡು ಪಕ್ಕದಲ್ಲಿ ಆಲ್ಫ ಮತ್ತು ಒಮೇಗ. ದೇವತೆಯಿಲ್ಲ, ಸೈನಿಕನಿಲ್ಲ, ಸೆರೆಯಾಳಿಲ್ಲ. ಕ್ರೈಸ್ತ ಲಾಂಛನವೊಂದೇ ನಾಣ್ಯದ ಇಡೀ ಚಿತ್ರವಾಗಿ ನಿಂತದ್ದು ಅದೇ ಮೊದಲು. ಅಷ್ಟು ಶುದ್ಧವಾದ ಕ್ರೈಸ್ತ ನಾಣ್ಯವನ್ನು ಕೊಟ್ಟವನು ತನ್ನ ಒಡೆಯನನ್ನು ಕೊಲ್ಲಿಸಿದ, ಸಿಂಹಾಸನ ಕೈತಪ್ಪುತ್ತಿದ್ದ ದ್ರೋಹಿ. 353ರ ಆಗಸ್ಟಿನಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಸಂಗ್ರಾಹಕರು ಇಂದು ಅವನ ನಾಣ್ಯವನ್ನು ಬಹಳ ಪ್ರೀತಿಯಿಂದ ಕೊಳ್ಳುತ್ತಾರೆ. ನನಗೆ ಅದರ ಚಿತ್ರವನ್ನು ನೋಡುವಾಗಲೆಲ್ಲ ಸ್ವಲ್ಪ ಮುಜುಗರವೇ ಆಗುತ್ತದೆ.

ಜೂಲಿಯನ್ 361ರಲ್ಲಿ ಪಟ್ಟಕ್ಕೆ ಬಂದು ಹಳೆಯ ದೇವತೆಗಳನ್ನು ಮರಳಿ ತರಲೆತ್ನಿಸಿ, ದೊಡ್ಡ ಕಂಚಿನ ಮೇಲೆ ಗೂಳಿಯ ಚಿತ್ರ ಹಾಕಿಸಿದ. ಆಂತಿಯೋಕ್ಯದ ಕ್ರೈಸ್ತರು ಅದನ್ನು ಹಿಡಿದು ಅವನನ್ನು ಗೇಲಿ ಮಾಡಿದರು. 363ರಲ್ಲಿ ಅವನು ಪರ್ಷಿಯದ ಯುದ್ಧದಲ್ಲಿ ಸತ್ತ ಮೇಲೆ ಗೂಳಿಯೂ ಹೋಯಿತು.

ಕ್ರೈಸ್ತಧರ್ಮವನ್ನು ಸಾಮ್ರಾಜ್ಯದ ಧರ್ಮವನ್ನಾಗಿಸಿದ ಮೊದಲನೆಯ ಥಿ‌ಯೊಡೋಸಿಯುಸ್‌ನ ಕೊನೆಯ ವರ್ಷಗಳಲ್ಲಿ, 388ರ ನಂತರ, ಸಾಮ್ರಾಜ್ಯದಾದ್ಯಂತ ಹರಡಿದ ಒಂದು ಪುಟ್ಟ ಕಾಸಿದೆ. ತೂಕ ಸುಮಾರು ಒಂದು ಗ್ರಾಂ. ಅಗಲ ಕಿರುಬೆರಳ ಉಗುರಿನಷ್ಟು. ಬರಹ 'ಸಾಲುಸ್ ರೆಯಿಪುಬ್ಲಿಕೆ', ನಾಡಿನ ಕ್ಷೇಮ. ರೆಕ್ಕೆಯುಳ್ಳ ವಿಜಯದೇವತೆ ಹೆಗಲ ಮೇಲೆ ವಿಜಯಸ್ತಂಭವನ್ನು ಹೊತ್ತು ಒಬ್ಬ ಸೆರೆಯಾಳನ್ನು ಎಳೆದುಕೊಂಡು ನಡೆಯುತ್ತಾಳೆ. ಅವರ ಎದುರಿನ ಖಾಲಿ ಜಾಗದಲ್ಲಿ ಖಿ-ರೋ. ಗುರುಮಠದಲ್ಲಿ ಕಲಿತ ಲತೀನ್‌ನಲ್ಲಿ 'ಸಾಲುಸ್' ಎಂಬ ಪದಕ್ಕೆ ನಾವು ಮೊದಲು ಕಲಿತ ಅರ್ಥ ರಕ್ಷಣೆ, ಉದ್ಧಾರ. ಬಲಿಪೂಜೆಯ ಪ್ರಾರ್ಥನೆಗಳಲ್ಲಿ ಬರುವ ಪದವೂ ಅದೇ.

ಈ ಪುಟ್ಟ ಕಾಸುಗಳು ನಮ್ಮ ಕಡಲಿಗೂ ಬಂದವು. ಮೊದಲ ಶತಮಾನಗಳಲ್ಲಿ ದಕ್ಷಿಣ ಭಾರತಕ್ಕೆ ಬಂದದ್ದು ಬಹುಮಟ್ಟಿಗೆ ಬೆಳ್ಳಿ ಮತ್ತು ಬಂಗಾರ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ 163 ನಾಣ್ಯಗಳ ನಿಧಿ ಬೆಳ್ಳಿಯ ದೆನಾರಿಗಳದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕವೂ ಬೆಳ್ಳಿಯವೇ. ಕಂಚು ಬಂದದ್ದು ಹೆಚ್ಚಾಗಿ ನಾಲ್ಕು ಮತ್ತು ಐದನೆಯ ಶತಮಾನಗಳಲ್ಲಿ. ತಮಿಳುನಾಡಿನ ಕರೂರಿನ ಅಮರಾವತಿ ನದಿಯ ಮರಳಿನಲ್ಲಿ, ಮದುರೆಯ ಸುತ್ತಮುತ್ತ ಅವು ಸಿಕ್ಕಿವೆ. ಶ್ರೀಲಂಕೆಯಲ್ಲಂತೂ ಸಾವಿರಾರು, ಅಸಲು ಸಾಲದೆ ಅಲ್ಲಿಯೇ ಅನುಕರಣೆಗಳನ್ನೂ ಅಚ್ಚು ಹಾಕಿಕೊಂಡಿದ್ದರು. ಥಿಯೊಡೋಸಿಯುಸ್ ಮತ್ತು ಅವನ ಮಕ್ಕಳಾದ ಅರ್ಕಾಡಿಯುಸ್, ಹೊನೋರಿಯುಸ್‌ರ ಕಾಸುಗಳು ಅವುಗಳಲ್ಲಿವೆ. ನಮ್ಮವರಿಗೆ ಅದರ ಮೇಲಿನ ಲತೀನ್ ಅಕ್ಷರ ತಿಳಿಯುತ್ತಿರಲಿಲ್ಲ. ಎಳೆಯುವವಳು, ಎಳೆಸಿಕೊಳ್ಳುವವನು ಕಾಣುತ್ತಿದ್ದಿರಬೇಕು.

ಹಾಗಾದರೆ ಆ ಕಾಲದ ಧರ್ಮಸಭೆಗೆ ಸೆರೆಯಾಳು ಕಾಣಲೇ ಇಲ್ಲವೇ? ಕಂಡ. ಅದಕ್ಕೆ ಸಾಕ್ಷಿ ನಾಣ್ಯದಲ್ಲಿಲ್ಲ, ಪೂಜಾಪಾತ್ರೆಗಳಲ್ಲಿದೆ. 378ರಲ್ಲಿ ಹೇಡ್ರಿಯಾನೋಪಲ್‌ನಲ್ಲಿ ಗೋಥರು ರೋಮನ್ ಸೈನ್ಯವನ್ನು ಧೂಳೀಪಟ ಮಾಡಿ, ವಾಲೆನ್ಸ್ ಚಕ್ರವರ್ತಿಯನ್ನೂ ಕೊಂದ ಮೇಲೆ, ಅಸಂಖ್ಯ ಜನ ಸೆರೆಯಾಗಿ ಮಾರಾಟಕ್ಕೆ ಬಿದ್ದರು. ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ದೇವಾಲಯದ ಬಂಗಾರ ಬೆಳ್ಳಿಯ ಪಾತ್ರೆಗಳನ್ನು ಒಡೆಸಿ ಕರಗಿಸಿ ಆ ಹಣದಿಂದ ಅವರನ್ನು ಬಿಡಿಸಿದರು. ಪವಿತ್ರ ವಸ್ತುಗಳನ್ನು ಕರಗಿಸಿದರೆಂದು ವಿರೋಧಿಗಳು ಎಬ್ಬಿಸಿದ ಗದ್ದಲಕ್ಕೆ ಅವರು ತಮ್ಮ ಗ್ರಂಥವೊಂದರಲ್ಲಿ ನೇರವಾಗಿ ಉತ್ತರಿಸಿದ್ದಾರೆ. ಧರ್ಮಸಭೆಯ ಬಳಿ ಬಂಗಾರವಿರುವುದು ಕೂಡಿಡಲಿಕ್ಕಲ್ಲ, ಕಷ್ಟದಲ್ಲಿರುವವರಿಗೆ ವೆಚ್ಚ ಮಾಡಲಿಕ್ಕೆ ಎಂಬುದು ಅವರ ವಾದ.

ಅಂಬ್ರೋಸರು ಬಿಡಿಸಿದವರು ರೋಮನ್ ಪ್ರಜೆಗಳು, ತಮ್ಮವರು. ನಾಣ್ಯದ ಮೇಲಿನ ಸೆರೆಯಾಳು ಪರಕೀಯ, ಶತ್ರು. ಅವನ ಸರದಿಯೂ ಬಂತು. 421-422ರಲ್ಲಿ ಎರಡನೆಯ ಥಿಯೊಡೋಸಿಯುಸ್‌ನ ಸೈನ್ಯ ಪರ್ಷಿಯದ ಮೇಲೆ ಯುದ್ಧ ಹೂಡಿದಾಗ 7,000 ಪರ್ಷಿಯನರು ರೋಮನ್ ಸೈನಿಕರ ಕೈಗೆ ಸಿಕ್ಕಿಬಿದ್ದು ಹಸಿವಿನಿಂದ ಸಾಯುತ್ತಿದ್ದರು. ಅವರನ್ನು ಹಿಂದಿರುಗಿಸಲು ಸೈನಿಕರು ಒಪ್ಪಲಿಲ್ಲ. ಅವರ ಧರ್ಮವೂ ಬೇರೆ, ಅವರ ರಾಜ್ಯದಲ್ಲಿ ಆಗ ಕ್ರೈಸ್ತರಿಗೆ ಹಿಂಸೆಯೂ ನಡೆಯುತ್ತಿತ್ತು. ಇಂದಿನ ಟರ್ಕಿಯ ದಿಯಾರ್‌ಬಕಿರ್ ಆಗಿರುವ ಅಮಿದ ನಗರದ ಧರ್ಮಾಧ್ಯಕ್ಷ ಅಕಾಸಿಯುಸ್ ತಮ್ಮ ಯಾಜಕರನ್ನು ಕರೆದು, ದೇವರಿಗೆ ತಟ್ಟೆಯೂ ಬೇಡ ಲೋಟವೂ ಬೇಡ ಎಂಬ ಅರ್ಥದಲ್ಲಿ ಮಾತನಾಡಿ, ದೇವಾಲಯಕ್ಕೆ ಭಕ್ತರು ಕೊಟ್ಟಿದ್ದ ಬಂಗಾರ ಬೆಳ್ಳಿಯ ಪಾತ್ರೆಗಳನ್ನೆಲ್ಲ ಕರಗಿಸಿದರು. ಆ ಹಣವನ್ನು ಸೈನಿಕರಿಗೆ ತೆತ್ತು ಸೆರೆಯಾಳುಗಳನ್ನು ಬಿಡಿಸಿಕೊಂಡರು. ಕೆಲವು ಕಾಲ ಅವರಿಗೆ ಊಟ ಹಾಕಿ, ದಾರಿಯ ಖರ್ಚಿಗೂ ಕೊಟ್ಟು, ಅವರ ಅರಸನ ಬಳಿಗೆ ಕಳುಹಿಸಿಕೊಟ್ಟರು. ಈ ಸಂಗತಿಯನ್ನು ಬರೆದಿಟ್ಟವನು ಅದೇ ಕಾಲದ ಇತಿಹಾಸಕಾರ ಸೋಕ್ರತೇಸ್. ಪರ್ಷಿಯದ ಅರಸ ಆಶ್ಚರ್ಯಪಟ್ಟು ಆ ಧರ್ಮಾಧ್ಯಕ್ಷರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಕೇಳಿಕೊಂಡನೆಂದೂ, ಚಕ್ರವರ್ತಿ ಅವರನ್ನು ಹೋಗಿಬರುವಂತೆ ಆಜ್ಞಾಪಿಸಿದನೆಂದೂ ಅವನು ಹೇಳುತ್ತಾನೆ.